ಹೊಗೆ ಹಾಕದ ಬಾಣಂತನ

ಪಕ್ಕದ ಮನೆಯ ಸೊಸೆಗೆ ಮೊನ್ನೆ ಹೆರಿಗೆಯಾಯಿತು. ಇವತ್ತು ಬೆಳಿಗ್ಗೆಯಿಂದ ಅವರ ಕಿಟಕಿಯ ಲೋಬಾನದ ಹೊಗೆ ನನ್ನ ಅಂಗಳಕ್ಕೆ ಬರುತ್ತಿದೆ. ಸುಳ್ಳು ಯಾಕೆ ಹೇಳಲಿ, ಆ ವಾಸನೆ ನನಗೆ ಬಲು ಇಷ್ಟ. ನನ್ನ ಅಜ್ಜಿ ಸೂಲಗಿತ್ತಿ. ಹೆರಿಗೆ ಮಾಡಿಸಿ ಮನೆಗೆ ಬಂದರೆ ಅವಳ ಸೀರೆಯೆಲ್ಲ ಅದೇ ವಾಸನೆ, ಆ ಸೀರೆಯ ಮಡಿಲಲ್ಲೇ ನಾನು ಬೆಳೆದದ್ದು. ಆದರೂ ತಡೆಯಲಾಗದೆ ಗೋಡೆಯ ಆಚೆಗೆ ಕೂಗಿ ಕೇಳಿಯೇ ಬಿಟ್ಟೆ, "ಬಾಣಂತಿಗೆ ದಮ್ಮು ಗಿಮ್ಮು ಏನೂ ಇಲ್ಲ ಹೌದಲ್ಲ?" ಅಂತ. "ಏನಿಲ್ರಿ ಹುಸೇನಬಿ, ಗಟ್ಟಿ ಅದಾಳ" ಎಂದರು. ಮುದುಕಿಗೆ ಅರಳು ಮರಳು ಎಂದುಕೊಂಡಿರಬೇಕು. ಅಂದುಕೊಳ್ಳಲಿ. ನನಗೆ ಸಿರುಗುಪ್ಪದಲ್ಲಿ ಕಳೆದ ಒಂದು ವರ್ಷ ನೆನಪಾಗಿತ್ತು, ಅದು ಅವರಿಗೆ ಹೇಗೆ ಗೊತ್ತಾಗಬೇಕು?

ಆಗ ಇನ್ನೂ ವಿಕ್ಟೋರಿಯಾ ರಾಣಿಯ ಕಾಲ. ಬಳ್ಳಾರಿಯಲ್ಲಿ ಕಂಟೋನ್ಮೆಂಟಿನ ಕಡೆ ಹೆಂಗಸರಿಗೆಂದೇ ಒಂದು ಸಣ್ಣ ಆಸ್ಪತ್ರೆ ತೆರೆದಿದ್ದರು. ಇಪ್ಪತ್ತಕ್ಕೇ ಗಂಡನನ್ನು ಕಳೆದುಕೊಂಡ ನಾನು ಅಲ್ಲಿ ಒಂದೂವರೆ ವರ್ಷ ಹೆರಿಗೆ ಮಾಡಿಸುವ ದಾಯಿ ಕೆಲಸ ಕಲಿತೆ. ಅಕ್ಷರ ಮೊದಲೇ ಬರುತ್ತಿತ್ತು. ಪರೀಕ್ಷೆ ಪಾಸಾಗಿ, ಮುದ್ರೆ ಒತ್ತಿದ ಕಾಗದ ಕೈಗೆ ಬಂದ ದಿನ ನನ್ನ ಜಂಬ ನೋಡಬೇಕಿತ್ತು! ಆ ಆಷಾಢದಲ್ಲೇ ನನ್ನನ್ನು ಸಿರುಗುಪ್ಪದ ದವಾಖಾನೆಗೆ ಹಾಕಿದರು.

ಸಿರುಗುಪ್ಪ ನೀರಿನ ಊರು. ಹೊಳೆ, ಕಾಲುವೆ, ಎತ್ತ ನೋಡಿದರೂ ಭತ್ತದ ಗದ್ದೆ, ಸಂಜೆಯಾದರೆ ಕಪ್ಪೆಗಳ ಗದ್ದಲ. ಬಳ್ಳಾರಿಯ ಒಣ ಗಾಳಿಯಲ್ಲಿ ಬೆಳೆದ ನನಗೆ ಅದು ಹಬ್ಬದ ಹಾಗಿತ್ತು. ಹೆಂಗಸರು ನನ್ನನ್ನು 'ಸರ್ಕಾರಿ ದಾಯಿ' ಎಂದು ಕರೆಯುತ್ತಿದ್ದರು, ಕರೆದು ನಗುತ್ತಿದ್ದರು. ನಾನು ಬಸುರಿಯನ್ನು ಮುಟ್ಟುವ ಮೊದಲು ವಾಸನೆಯ ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದುಕೊಳ್ಳುತ್ತಿದ್ದೆ. "ಏನ್ ಹತ್ತೇತವ್ವ ಇಕೀ ಕೈಗೆ, ಇಷ್ಟು ತಿಕ್ಕತಾಳ?" ಎಂದು ಒಬ್ಬ ಅಜ್ಜಿ ನನ್ನೆದುರಿಗೇ ಕೇಳಿದ್ದಳು. "ನಿಮ್ಮೂರಿನ ಕೆಸರು" ಎಂದೆ. ಅವತ್ತಿನಿಂದ ನನ್ನ ಬಾಯಿಗೆ ಊರು ಸ್ವಲ್ಪ ಹೆದರಿತು.

ತಿಂಗಳಿಗೊಮ್ಮೆ ಔಷಧ ತರಲು, ಹೆರಿಗೆಯ ರಿಜಿಸ್ಟರನ್ನು ಆ ಆಸ್ಪತ್ರೆಯ ಡಾಕ್ಟರಮ್ಮನಿಗೆ ತೋರಿಸಲು ಬಳ್ಳಾರಿಗೆ ಹೋಗಬೇಕಿತ್ತು. ಕೋಳಿ ಕೂಗುವಾಗ ಸಿರುಗುಪ್ಪದಿಂದ ಗಾಡಿ ಕಟ್ಟಿದರೆ ಹೊತ್ತು ಇಳಿಯುವಾಗ ಕುರುಗೋಡು. ಅಲ್ಲಿ ನನ್ನ ತಾಯಿಯ ತಂಗಿ, ಖಾಲಾ, ಇದ್ದಳು. ಅವಳ ಮನೆಯಲ್ಲಿ ಉಳಿದು ಮರುದಿನ ಬಳ್ಳಾರಿ. ಖಾಲಾಳ ಮನೆಯ ಗೋಡೆಗೆ ಗೋಡೆ ಹತ್ತಿಕೊಂಡೇ ಹಂಪಮ್ಮನ ಮನೆ. ಹತ್ತಿ ಬೆಳೆಯುವ ದೊಡ್ಡ ಶೈವ ಒಕ್ಕಲು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಾಯಿ ತೆರೆದರೆ ಮೂರು ಓಣಿಗೆ ಕೇಳುವ ದನಿ ಹಂಪಮ್ಮನದು.

ಶ್ರಾವಣದಲ್ಲಿ ಮೊದಲ ಸಲ ಅಲ್ಲಿ ಇಳಿದಾಗ, ಎರೆಮಣ್ಣು ಹತ್ತಿದ ಚಕ್ರವನ್ನು ಗಾಡಿಯವನು ಕೆರೆಯುತ್ತಿದ್ದ. ಗೋಡೆಯ ಆಚೆಯಿಂದ ಯಾರೋ ಸಿಳ್ಳೆ ಹಾಕಿದಂತೆ ಸಣ್ಣ ಸದ್ದು. ಕೇಳಿದರೆ ಉಸಿರು! ಮನುಷ್ಯರ ಉಸಿರು. ನಾನು ಕಿವಿಗೊಡುವಷ್ಟರಲ್ಲಿ ಹಂಪಮ್ಮನ ಮುಖ ಗೋಡೆಯ ಮೇಲೆ ಕಾಣಿಸಿತು.

"ಏ ದಾಯಮ್ಮಾ, ನಿನ್ನ ಡಬ್ಬ್ಯಾಗ ಬಸುರು ಇಳಸಾ ಔಷಧ ಐತೇನು? ಮೂರು ತಿಂಗಳದ್ದು."

ಹಾಗೇ, ಉಪ್ಪಿನಕಾಯಿ ಇದೆಯೇ ಎಂದು ಕೇಳಿದ ಹಾಗೆ!

"ಯಾರಿಗ್ರಿ?" ಎಂದೆ.

"ನನ್ನ ಸೊಸಿ ನೀಲಮ್ಮಗ. ಆಕಿಗೆ ಸಣ್ಣಂದಿನಿಂದ ಉಸಿರು ಕಟ್ಟೋ ದಮ್ಮು. ಹೋದ ಬಾಣಂತನದಾಗ ಸತ್ತು ಬದುಕ್ಯಾಳ. ಇನ್ನೊಂದು ಹಡದ್ರ ಆಕಿ ಉಳ್ಯಾಕಿಲ್ಲ. ಮಮ್ಮಗ ಒಬ್ಬ ಅದಾನ, ನನಗ ಸಾಕು."

ಕೆಟ್ಟ ಅತ್ತೆ ಎಂದುಕೊಳ್ಳಬೇಡಿ. ಹಾಗೆ ಕೇಳುವಾಗ ಅವಳ ಗಲ್ಲ ನಡುಗುತ್ತಿತ್ತು. ಆದರೆ ಊರ ಬೇರು ನಾರು ಕುಡಿದು ಆಸ್ಪತ್ರೆಗೆ ಬಂದ ಇಬ್ಬರು ಹೆಂಗಸರನ್ನು ನಾನು ನೋಡಿದ್ದೆ. ಇಬ್ಬರೂ ತಿರುಗಿ ಮನೆಗೆ ಹೋಗಲಿಲ್ಲ. ಕೈಕಾಲು ತೊಳೆದುಕೊಂಡು ಅವರ ಮನೆಗೆ ಹೋದೆ.

ನೀಲಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಇಪ್ಪತ್ತೆರಡರ ಸಣ್ಣ ಮೈ, ಪ್ರತಿ ಉಸಿರಿಗೂ ಭುಜ ಮೇಲೇಳುತ್ತಿತ್ತು. ಅತ್ತೆಯನ್ನು ನೀರು ತರಲು ಕಳಿಸಿ, "ತಂಗಿ, ನಿನಗ ಏನು ಬೇಕು?" ಎಂದೆ. ಅವಳು ನನ್ನನ್ನೇ ನೋಡಿದಳು. ಆ ಮನೆಯಲ್ಲಿ ಅವಳಿಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಅಕ್ಕಾ, ನನಗ ಕೂಸು ಬೇಕು," ಎಂದಳು. ಉಸಿರು ಸಾಲದೆ ನಿಂತು, ಮತ್ತೆ ಹೇಳಿದಳು. "ನಾನೂ ಬೇಕು."

ನನಗೆ ಕಣ್ಣೀರು ಬಂತು. ಬಂದಿದ್ದಕ್ಕೆ ಸಿಟ್ಟೂ ಬಂತು. ದಾಯಿ ಅತ್ತರೆ ಬಸುರಿ ಏನು ಮಾಡಬೇಕು? ಮೂಗು ಒರೆಸಿಕೊಂಡು, ಹೋದ ಬಾಣಂತನದಲ್ಲಿ ಏನೇನಾಯಿತು, ಒಂದೂ ಬಿಡದೆ ಹೇಳು ಎಂದೆ.

ಹೆರಿಗೆ ಸುಸೂತ್ರವಾಗಿಯೇ ಆಗಿತ್ತಂತೆ. ಆಮೇಲೆ ಒಳಕೋಣೆಗೆ ಹಾಕಿದರು. ಕಿಟಕಿಯಿಲ್ಲ, ಬಾಗಿಲಿಗೆ ಕಂಬಳಿ, ಮಂಚದ ಕೆಳಗೆ ಕೆಂಡ, ಬೆಳಿಗ್ಗೆ ಸಂಜೆ ಲೋಬಾನ, ಬೆಳ್ಳುಳ್ಳಿ ಸಿಪ್ಪೆ, ಅಜವಾನದ ಹೊಗೆ. ನಮ್ಮ ಕಡೆ ಎಲ್ಲ ಬಾಣಂತಿಯರಿಗೂ ಮಾಡುವುದು ಅದನ್ನೇ. ಮೂರನೆಯ ದಿನ ಇವಳಿಗೆ ಉಸಿರು ಕಟ್ಟಿತು. ತಂಪು ಹತ್ತಿತು ಎಂದು ಇನ್ನೂ ಒಂದು ಹಿಡಿ ಲೋಬಾನ ಹಾಕಿದರು. ಉಸಿರು ಕಟ್ಟಿದಷ್ಟೂ ಹೊಗೆ, ಹೊಗೆ ಹಾಕಿದಷ್ಟೂ ಕಟ್ಟುವುದು. ಒಂಬತ್ತನೆಯ ದಿನ, ಇನ್ನೇನು ಹೋಗುತ್ತಾಳೆ, ಒಳಗೆ ಜೀವ ಬಿಡಬಾರದು ಎಂದು ಹೊರಗೆ ಬೇವಿನ ಮರದ ಕೆಳಗೆ ತಂದು ಮಲಗಿಸಿದರು.

"ಅಲ್ಲಿ ಉಸಿರು ಬಂತು ನೋಡಕ್ಕಾ," ಎಂದಳು. "ಮರದ ಕೆಳಗ ದೇವರು ಅದಾನ ಅಂದ್ರು ಎಲ್ಲಾರೂ."

ದೇವರು ಇದ್ದಾನು, ನಾನು ಯಾಕೆ ಇಲ್ಲ ಎನ್ನಲಿ? ಆದರೆ ನನಗೆ ಹೊಳೆದದ್ದು ಬೇರೆ. ಇವಳನ್ನು ಕೊಲ್ಲಲು ಹೊರಟದ್ದು ಬಸುರಲ್ಲ, ಕೋಣೆ!

ಹಂಪಮ್ಮನಿಗೆ ಅದನ್ನು ಹೇಳಿದ್ದೇ ತಡ, ಮೂರು ಓಣಿಗೆ ಕೇಳಿಸಿತು. "ಹೊಗಿ ಇಲ್ದ ಬಾಣಂತನ ಎಲ್ಲರ ಐತೇನಲೇ? ದಮ್ಮಿನವರು ಉಮ್ಮತ್ತಿ ಎಲಿ ಸುಟ್ಟು ಹೊಗಿ ಎಳೀತಾರ. ಹೊಗಿ ದಮ್ಮಿಗೆ ಔಷಧ! ಸರ್ಕಾರ ಇದನ್ನು ಕಲಿಸೇತೇನು ನಿನಗ?" ಸರ್ಕಾರ ಇದರ ಬಗ್ಗೆ ನನಗೆ ಏನೂ ಕಲಿಸಿರಲಿಲ್ಲ, ನಿಜ. ಹಾಗಾದರೆ ಡಾಕ್ಟರಮ್ಮನನ್ನೇ ಕೇಳೋಣ, ಬರ್ರಿ ಎಂದೆ.

ದಸರೆ ಮುಗಿದ ಮೇಲೆ ಗಾಡಿಗೆ ಮೆತ್ತಗೆ ಹುಲ್ಲು ಹಾಸಿ ನೀಲಮ್ಮನನ್ನು ಬಳ್ಳಾರಿಗೆ ಕರೆದುಕೊಂಡು ಹೋದೆವು. ಹಂಪಮ್ಮ ಸೊಸೆಯನ್ನು ಒಬ್ಬಳನ್ನೇ ಬಿಡುವವಳಲ್ಲ, ಅವಳೂ ಬಂದಳು. ಮಗ ದೊಡ್ಡಬಸಪ್ಪ ಎತ್ತು ಹೊಡೆದ. ದಾರಿಯುದ್ದಕ್ಕೂ ಜೋಳದ ಹೊಲ, ಅದರಾಚೆ ಮೊಣಕಾಲೆತ್ತರದ ಹತ್ತಿ. ಬಳ್ಳಾರಿಯ ಗುಡ್ಡ ಕಂಡಾಗ ನೀಲಮ್ಮ ಚಿಕ್ಕ ಮಕ್ಕಳ ಹಾಗೆ ಕೈ ತೋರಿಸಿದಳು. ಅವಳು ಊರು ಬಿಟ್ಟು ಅಷ್ಟು ದೂರ ಬಂದದ್ದು ಅದೇ ಮೊದಲು.

ಡಾಕ್ಟರಮ್ಮ ಮದರಾಸಿನವಳು. ತೆಲುಗು ಚೆನ್ನಾಗಿ, ಕನ್ನಡ ಅಷ್ಟಕ್ಕಷ್ಟೆ. ಹಂಪಮ್ಮನಿಗೆ ತೆಲುಗು ಬರುತ್ತಿದ್ದುದು ನನ್ನ ಪುಣ್ಯ. ಡಾಕ್ಟರಮ್ಮ ಮರದ ಕೊಳವೆಯನ್ನು ಮೊದಲು ನೀಲಮ್ಮನ ಬೆನ್ನಿಗೆ, ಆಮೇಲೆ ಹೊಟ್ಟೆಗೆ ಇಟ್ಟು ಬಹಳ ಹೊತ್ತು ಕೇಳಿದಳು. ಕೂಸಿನ ಗುಂಡಿಗೆ ಗಟ್ಟಿಯಾಗಿದೆ, ತಾಯಿಗೂ ಹೆರುವ ಶಕ್ತಿ ಇದೆ ಎಂದಳು. ಹೊಗೆ ಬೇಡ, ಹತ್ತಿಯ ದೂಳು ಬೇಡ, ಗಾಳಿಯಾಡುವ ಕಡೆ ಮಲಗಬೇಕು. ಉಸಿರು ಕಟ್ಟಿದರೆ ಹಾಲಿಲ್ಲದ ಗಟ್ಟಿ ಕಾಫಿ ಕುಡಿಸಿ, ಮುಂದಕ್ಕೆ ಬಾಗಿಸಿ ಕೂರಿಸಬೇಕು. ಆಮೇಲೆ ನೀಲಮ್ಮನ ಬೆನ್ನ ಮೇಲೆ ಕೈಯಿಟ್ಟು, "ಮುಂದು ವದಲು, ತರವಾತ ತೀಸ್ಕೋ" ಎಂದು ಹೇಳಿಕೊಟ್ಟಳು. ಮೊದಲು ಬಿಡು, ಆಮೇಲೆ ತೆಗೆದುಕೋ ಎಂದು. ದಮ್ಮಿನವರು ಹೆದರಿ ಉಸಿರನ್ನು ಎಳೆಯುತ್ತಲೇ ಇರುತ್ತಾರೆ, ಬಿಡುವುದನ್ನು ಮರೆಯುತ್ತಾರೆ. ಹಂಪಮ್ಮ ಮುಖ ಊದಿಸಿಕೊಂಡು ಕೇಳುತ್ತ ನಿಂತಿದ್ದಳು.

ಕಡೆಗೆ ಡಾಕ್ಟರಮ್ಮ ದೊಡ್ಡಬಸಪ್ಪನನ್ನು ಒಳಗೆ ಕರೆಸಿ, ಇದಾದ ಮೇಲೆ ನಾಲ್ಕು ವರ್ಷ ಇನ್ನೊಂದು ಬಸುರು ಆಗಬಾರದು ಎಂದಳು. ಆ ಆಳೆತ್ತರದ ಗಂಡಸು ತನ್ನ ಕಾಲ ಹೆಬ್ಬೆರಳನ್ನೇ ನೋಡುತ್ತ, "ನಾನು ಹೊಲದಾಗ ಮಂಚ ಹಾಕ್ಕೊಂತೀನ್ರಿ" ಎಂದ. ನಾನು ನಗು ತಡೆಯಲಾರದೆ ಔಷಧದ ಕಪಾಟಿನ ಕಡೆ ತಿರುಗಿ ನಿಂತೆ.

ತಿರುಗಿ ಬರುವಾಗ ಗಾಡಿಯಲ್ಲಿ ನೀಲಮ್ಮನಿಗೆ ನಿದ್ದೆ ಹತ್ತಿತ್ತು. ಹಂಪಮ್ಮ ಅವಳಿಗೆ ಹೊದಿಸುತ್ತ, ಇದ್ದಕ್ಕಿದ್ದಂತೆ ಹೇಳಿದಳು.

"ನನಗೂ ಒಬ್ಬಾಕಿ ಮಗಳಿದ್ಲು. ಬಾಣಂತನಕ್ಕ ನನ್ನ ಕಡೀಗೇ ಬಂದಿದ್ಲು. ಜಡಿ ಮಳಿ ಹಿಡಿದು ಕಟಗಿ ಎಲ್ಲಾ ತೊಯ್ದು, ಎರಡು ದಿನ ಕೆಂಡ ಆರಿ ಹೋತು. ಆರನೇ ದಿನಕ್ಕ ಮೈ ಬಿಸಿ ಏರಿ ಏನೇನರ ಮಾತಾಡಿ ಹೋಗಿಬಿಟ್ಲು. ತಂಪು ಹತ್ತಿತು, ಹುಸೇನಬಿ. ನಾನು ಕೆಂಡ ಆರಾಕ ಬಿಡಬಾರದಿತ್ತು."

ಅದು ತಂಪಲ್ಲ, ಹೆರಿಗೆ ಮಾಡಿಸಿದ ಯಾರದೋ ತೊಳೆಯದ ಕೈಯಿಂದ ಬಂದ ಜ್ವರ ಎಂದು ನನಗೆ ಅನಿಸಿತು. ಅವಳ ಕೈ ಹಿಡಿದುಕೊಂಡು ಕೂತೆ. ಇವಳ ಹಟ ಹಟವಲ್ಲ, ಹೆದರಿಕೆ ಎಂದು ಗೊತ್ತಾದ ಮೇಲೆ ನನ್ನ ಸಿಟ್ಟೂ ಇಳಿಯಿತು.

"ಹೊಗಿ ಬ್ಯಾಡಂದ್ರ ಬಿಡ್ತೀನಿ," ಎಂದಳು ಕೊನೆಗೆ. "ಕಾವು ಮಾತ್ರ ಬಿಡಾಂಗಿಲ್ಲ. ಸತ್ತರೂ ಬಿಡಾಂಗಿಲ್ಲ."

ಹೊಗೆಯಿಲ್ಲದೆ ಕಾವು ಎಲ್ಲಿಂದ ತರುವುದು? ನನ್ನ ಪುಸ್ತಕದಲ್ಲಿ ಇರಲಿಲ್ಲ. ಉತ್ತರ ಕಂಡುಹಿಡಿದವಳು ಹಂಪಮ್ಮನೇ. ಮುಂದಿನ ತಿಂಗಳು ಕುರುಗೋಡಿನಲ್ಲಿ ಗಾಡಿ ಇಳಿಯುತ್ತಿದ್ದಂತೆ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. ಗುಡ್ಡದಿಂದ ತರಿಸಿದ ಒಂಬತ್ತು ಗುಂಡುಕಲ್ಲುಗಳನ್ನು ಹೊರಗಿನ ಒಲೆಯಲ್ಲಿ ಕಾಯಿಸಿ, ಬೂದಿ ಒರೆಸಿ, ಹಳೆಯ ಕೌದಿಯ ತುಂಡುಗಳಲ್ಲಿ ಸುತ್ತಿಟ್ಟಿದ್ದಳು. "ಮುಟ್ಟು" ಎಂದಳು. ಮುಟ್ಟಿದೆ. ಹದವಾದ ಬಿಸಿ. ಒಂದು ಕಲ್ಲು ಆರುವುದರೊಳಗೆ ಇನ್ನೊಂದು ಕಾದಿರುತ್ತದೆ, ಬೆಂಕಿ ಹೊರಗೆ, ಕಾವು ಒಳಗೆ! "ಭಲೇ ಹಂಪಮ್ಮ!" ಎಂದು ಅವಳನ್ನು ತಬ್ಬಿಕೊಂಡೆ. "ಬಿಡಲೇ, ಮಡಿ ಐತಿ" ಎಂದು ಬೈದಳು, ಆದರೆ ತಕ್ಷಣ ಬಿಡಿಸಿಕೊಳ್ಳಲಿಲ್ಲ.

ಮಾಘ ಬಂತು. ಹತ್ತಿ ಬಿಡಿಸುವ ಕಾಲ, ಎಲ್ಲರ ಮನೆಯ ಪಡಸಾಲೆಯಲ್ಲೂ ಸೂರಿನ ತನಕ ಹತ್ತಿಯ ರಾಶಿ. ಗಾಳಿಯಾಡುವ ಜಾಗ ಎಂದರೆ ಆ ಮನೆಯಲ್ಲಿ ಅದೊಂದೇ. ದೊಡ್ಡಬಸಪ್ಪ ಎರಡು ದಿನ ಹೊತ್ತು ಹೊತ್ತು ರಾಶಿಯನ್ನೆಲ್ಲ ನಮ್ಮ ಖಾಲಾಳ ಮನೆಗೆ ಸಾಗಿಸಿದ. ಖಾಲಾ ತಾನು ಅಡುಗೆಮನೆಯ ಮೂಲೆಯಲ್ಲಿ ಮಲಗಿ, ಹತ್ತಿಗೆ ಮನೆ ಬಿಟ್ಟುಕೊಟ್ಟಳು. ಪಡಸಾಲೆಯನ್ನು ಸಗಣಿ ಸಾರಿಸಿ, ಒಣಗಿಸಿ, ಮಂಚ ಹಾಕಿದರು. ನಾನು ರಜೆ ಬರೆದುಕೊಟ್ಟು ಒಂದು ವಾರ ಮೊದಲೇ ಬಂದು ಕೂತೆ. ಕಂಟೋನ್ಮೆಂಟಿನ ಬಜಾರಿನಿಂದ ಕಾಫಿ ಪುಡಿಯನ್ನೂ ತಂದಿದ್ದೆ. ಹಂಪಮ್ಮ ಅದನ್ನು ಮೂಸಿ ನೋಡಿ, "ಸುಟ್ಟ ಹುಣಸೀ ಬೀಜ ಇದ್ದಂಗೈತಿ" ಎಂದಳು.

ಒಂದು ಬೆಳಿಗ್ಗೆ ನೋವು ಶುರುವಾಯಿತು. ಬಿಸಿಲು ಅಂಗಳದಿಂದ ಪಡಸಾಲೆಯ ಮೆಟ್ಟಿಲಿಗೆ ಬರುವ ಹೊತ್ತಿಗೆ ಕೂಸು ಹುಟ್ಟಿತು. ಹೆಣ್ಣು. ಆದರೆ ಅಳಲಿಲ್ಲ. ಮೈ ನೀಲಿ, ಕೈಕಾಲು ಜೋಲು. ನಾನು ಬೆನ್ನು ತಿಕ್ಕಿದೆ, ಬಾಯಿ ಒರೆಸಿದೆ. "ಬಟ್ಟಿ ಬೆಚ್ಚಗ ಮಾಡಬೇಕು, ಕೆಂಡ ತರ್ರಿ! ನಿಗಿನಿಗಿ ಕೆಂಡ, ಹೊಗಿ ಇರಬಾರದು!" ಎಂದು ಕೂಗಿದೆ. ಹಂಪಮ್ಮ ಹಿತ್ತಲಿನಿಂದ ಮಣ್ಣಿನ ಬೋಗುಣಿಯಲ್ಲಿ ಕೆಂಡ ತಂದಿಟ್ಟಳು. ಬಟ್ಟೆ ಕಾಯಿಸಿ ಸುತ್ತಿದೆ, ಬಿಚ್ಚಿದೆ, ತಿಕ್ಕಿದೆ, ಮತ್ತೆ ಸುತ್ತಿದೆ. ಯಾ ಅಲ್ಲಾ, ಯಾ ಅಲ್ಲಾ ಎಂದು ನಾನು, ಶಿವಾ ಶಿವಾ ಎಂದು ಹಂಪಮ್ಮ. ಕೂಸು ಒಮ್ಮೆ ಬಿಕ್ಕಿತು. ಆಮೇಲೆ ಚೀರಿತು ನೋಡಿ, ಗೋಡೆಯಾಚೆ ಖಾಲಾ "ಆತಾ?" ಎಂದು ಕೂಗಿದಳು.

ಆ ಸಂತೋಷದಲ್ಲಿ ನಾನು ಮಾಡಿದ್ದನ್ನು ಇವತ್ತಿಗೂ ಹೇಳಲು ನಾಚಿಕೆ. ನನ್ನ ಸೊಂಟದಲ್ಲಿ ಯಾವಾಗಲೂ ಒಂದು ಚೀಲ ಇರುತ್ತಿತ್ತು, ಅಜ್ಜಿಯದು. ಕೂಸು ಅತ್ತ ಕೂಡಲೇ ಅಜ್ಜಿ ಅದಕ್ಕೆ ಕೈ ಹಾಕಿ ಒಂದು ಹಿಡಿ ಲೋಬಾನ ಕೆಂಡಕ್ಕೆ ಎಸೆಯುತ್ತಿದ್ದಳು, ದೃಷ್ಟಿ ತಾಗದಿರಲಿ ಎಂದು. ನಾನೂ ನೂರು ಹೆರಿಗೆಯಲ್ಲಿ ಎಸೆದವಳು. ಆರು ತಿಂಗಳು ಹೊಗೆ ಬೇಡ, ಹೊಗೆ ಬೇಡ ಎಂದು ಊರೆಲ್ಲ ಸಾರಿದ ಇದೇ ಹುಸೇನಬಿಯ ಕೈ ತಾನಾಗಿಯೇ ಚೀಲಕ್ಕೆ ಹೋಯಿತು, ತಾನಾಗಿಯೇ ಎಸೆಯಿತು.

ಬುಸ್ಸೆಂದು ಬಿಳಿ ಹೊಗೆ ಎದ್ದಿತು. ನೀಲಮ್ಮ ಒಮ್ಮೆ ಕೆಮ್ಮಿದಳು, ಎರಡನೆಯ ಸಲ ಕೆಮ್ಮಲು ಉಸಿರೇ ಬರಲಿಲ್ಲ. ಕಣ್ಣು ಅಗಲವಾಯಿತು, ತುಟಿ ಕಪ್ಪಿಟ್ಟಿತು. ನಾನು ಕೂಸನ್ನು ಎತ್ತಿಕೊಂಡು ಗರಬಡಿದವಳ ಹಾಗೆ ನಿಂತುಬಿಟ್ಟೆ. ನನ್ನ ಪರೀಕ್ಷೆ, ನನ್ನ ಕಾಗದ, ಎಲ್ಲ ಎಲ್ಲಿ ಹೋಯಿತೋ!

ಹಂಪಮ್ಮ ಕೈಗೆ ಸೆರಗು ಸುತ್ತಿಕೊಳ್ಳಲೂ ನಿಲ್ಲದೆ ಕೆಂಡದ ಬೋಗುಣಿಯನ್ನು ಬರಿಗೈಯಲ್ಲಿ ಎತ್ತಿಕೊಂಡು ಓಡಿದಳು. ಅಂಗಳದಲ್ಲಿ ಅದು ಒಡೆದ ಸದ್ದು, ನೀರು ಸುರಿದ ಸದ್ದು ಕೇಳಿಸಿತು. ಮಗಳು ಹೋದಾಗಿನಿಂದ ಕೆಂಡ ಆರಲು ಬಿಡಬಾರದಿತ್ತು ಎಂದು ಕೊರಗಿದ ಹೆಂಗಸು, ಕೊಡ ನೀರು ಹೊಯ್ದು ತಾನೇ ಕೆಂಡ ಆರಿಸಿದಳು! ಬಂದವಳೇ ಸೊಸೆಯ ಹಿಂದೆ ಕೂತು, ಮುಂದಕ್ಕೆ ಬಾಗಿಸಿ, ತನ್ನ ಎದೆಯನ್ನು ಅವಳ ಬೆನ್ನಿಗೆ ಕೊಟ್ಟಳು.

"ಮುಂದು ವದಲು, ನೀಲಿ. ಬಿಡು, ಮೊದಲು ಬಿಡು. ನನ್ನ ಸಂಗಾಟ ಬಿಡು. ಹಾಂ. ಈಗ ತಗೋ."

ಆಸ್ಪತ್ರೆಯಲ್ಲಿ ಮುಖ ಊದಿಸಿಕೊಂಡು ನಿಂತಿದ್ದವಳು ಒಂದಕ್ಷರ ಬಿಡದೆ ಕಲಿತಿದ್ದಳು. "ನೋಡ್ಕೋತ ನಿಂತಿ ಏನಲೇ, ಕಾಫಿ ಕಾಸು!" ಎಂದು ನನ್ನನ್ನು ಗದರಿಸಿದಳು. ಕಾಸಿದೆ. ಕೂಸು ಒಂದು ತೋಳಿನಲ್ಲಿದ್ದುದರಿಂದ ಅರ್ಧ ಒಲೆಗೆ ಚೆಲ್ಲಿತು. ಉಳಿದದ್ದನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಬಿಸಿಲು ಮೆಟ್ಟಿಲು ದಾಟಿ ಒಳಗೆ ಬಂತು. ಉಸಿರಿನ ಆ ಸಿಳ್ಳೆ ನಿಧಾನಕ್ಕೆ ಸಣ್ಣದಾಯಿತು, ಆಮೇಲೆ ನಿಂತಿತು. ನೀಲಮ್ಮ ಕೈ ಚಾಚಿ ಕೂಸನ್ನು ಕೇಳಿದಳು.

ಕೂಸು ಮೊಲೆಗೆ ಹತ್ತಿದ ಮೇಲಷ್ಟೆ ನಾನು ಹಂಪಮ್ಮನ ಅಂಗೈ ನೋಡಿದ್ದು. ಎರಡೂ ಬೊಬ್ಬೆ. ಸುಣ್ಣದ ತಿಳಿನೀರಿಗೆ ಎಣ್ಣೆ ಕಲಸಿ ಹಚ್ಚುತ್ತ ನಾನು ಬಿಕ್ಕಿ ಬಿಕ್ಕಿ ಅತ್ತೆ. "ತಪ್ಪಾತ್ರಿ ಹಂಪಮ್ಮಾ, ತಪ್ಪಾತು" ಎಂದೆ. ಸೊಂಟದ ಚೀಲವನ್ನು ಬಿಚ್ಚಿ ನಾನೇ ಹಿತ್ತಲಿಗೆ ಎಸೆದು ಬಂದೆ.

ಆ ಹತ್ತು ದಿನ ನಾನು ಅಲ್ಲೇ ಉಳಿದೆ. ಒಂಬತ್ತು ಕಲ್ಲುಗಳು ಒಳಗೆ ಹೊರಗೆ ಓಡಾಡಿದವು. ಹಂಪಮ್ಮನಿಗೆ ಕೈ ಆಡದು, ಹಾಗಾಗಿ ಕಲ್ಲು ಕಾಯಿಸುವುದು, ಒರೆಸುವುದು, ಸುತ್ತುವುದು ಎಲ್ಲ ನಾನು. ಬಾಗಿಲಲ್ಲಿ ಕೂತು ಹುಕುಂ ಮಾಡುವುದು ಅವಳು. ನೋಡಲು ಬಂದ ಹೆಂಗಸರು ಧೂಪದ ಪೊಟ್ಟಣ ತಂದರೆ, "ಅಲ್ಲೇ ಹೊರಬಾಗ್ಲಾಗ ಇಟ್ಟು ಬರ್ರಿ" ಎನ್ನುತ್ತಿದ್ದಳು. ಹೆಣ್ಣು ಹುಟ್ಟಿತಲ್ಲ ಎಂದ ಒಬ್ಬಳಿಗೆ, "ಹುಟ್ಟಲಿ ಬಿಡು, ಹತ್ತಿ ಬಿಡಸಾಕ ಕೈ ಬೇಕು" ಎಂದಳು. ನನ್ನ ಜೊತೆ ಮಾತ್ರ ಕೆಲಸಕ್ಕೆ ಬೇಕಾದಷ್ಟೇ ಮಾತು.

ಹನ್ನೊಂದನೆಯ ದಿನ ಬೆಳಿಗ್ಗೆ ನಾನು ಸಿರುಗುಪ್ಪಕ್ಕೆ ಹೊರಡಬೇಕು. ಪಡಸಾಲೆಯಲ್ಲಿ ಗಾಳಿ ಆಡುತ್ತಿತ್ತು, ನೀಲಮ್ಮ ಮಂಚದ ಮೇಲೆ ಕೂಸಿನ ಕಾಲು ತಿಕ್ಕುತ್ತಿದ್ದಳು. ಹೇಳಿ ಹೋಗಲು ಹಂಪಮ್ಮನ ಮುಂದೆ ನಿಂತೆ. ಅವಳು ಬಟ್ಟೆ ಸುತ್ತಿದ ಎರಡೂ ಕೈಗಳನ್ನು ನನ್ನ ಮುಖದ ಮುಂದೆ ಹಿಡಿದು, ಮೂರು ಓಣಿಗೆ ಕೇಳುವ ಹಾಗೆ ಶುರು ಮಾಡಿದಳು.

"ಆರು ತಿಂಗಳು ನನ್ನ ತಲಿ ತಿಂದಿ. ಹೊಗಿ ಹಾಕಬ್ಯಾಡ್ರಿ, ಹೊಗಿ ಹಾಕಬ್ಯಾಡ್ರಿ! ಗಾಡ್ಯಾಗ ಕೂಡಿಸಿ ಬಳ್ಳಾರಿಗೆ ಎಳಕೊಂಡು ಹೋದಿ. ನನ್ನ ಹತ್ತೀನೆಲ್ಲಾ ನಿನ್ನ ಖಾಲಾನ ಮನೀಗೆ ತುಂಬಿಸಿದಿ. ಕಡೀಗೆ ಹೊಗಿ ಹಾಕಿದಾಕಿ ಯಾರಲೇ? ಸರ್ಕಾರದ ದಾಯಿ!"

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅಷ್ಟರಲ್ಲಿ ಮಂಚದ ಮೇಲಿಂದ ಕಿಸಕ್ಕೆಂದು ಸದ್ದಾಯಿತು. ನೀಲಮ್ಮ ನಗುತ್ತಿದ್ದಳು.

ನಾವಿಬ್ಬರೂ ಮಾತು ನಿಲ್ಲಿಸಿ ಅವಳ ಕಡೆ ತಿರುಗಿದೆವು. ದಮ್ಮಿನವರು ಪೂರ್ತಿ ನಗುವುದಿಲ್ಲ. ನಗು ನಡುವಿನಲ್ಲೇ ಕೆಮ್ಮಾಗುತ್ತದೆ, ಕೆಮ್ಮು ಉಬ್ಬಸವಾಗುತ್ತದೆ. ಅದು ಗೊತ್ತಿದ್ದೇ ಅವರು ಬಾಯಿ ಮುಚ್ಚಿಕೊಂಡು ಬದುಕುವುದು. ಹಂಪಮ್ಮ ಆಗಲೇ ಅರ್ಧ ಎದ್ದಿದ್ದಳು, ನಾನು ಒಲೆಯ ಕಡೆ ಹೆಜ್ಜೆ ಇಟ್ಟಿದ್ದೆ. ನೀಲಮ್ಮನಿಗೆ ನಮ್ಮ ಮುಖ ನೋಡಿ ಇನ್ನೂ ಜೋರಾಯಿತು. ತಲೆ ಹಿಂದಕ್ಕೆ ಹಾಕಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾವು ಉಸಿರು ಬಿಗಿಹಿಡಿದು ಕಾದೆವು. ಕೆಮ್ಮು ಬರಲಿಲ್ಲ. ಅವಳು ಆ ನಗುವನ್ನು ಪೂರ್ತಿ ನಕ್ಕು ಮುಗಿಸಿದಳು.